ಗಡಿಯಾರದ ಕೀ ಮಾಡುತ್ತಿದ್ದ ಬೀದಿ

ತೊಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಬನಶಂಕರಿಯ ನಮ್ಮ ಬೀದಿ ಏಳುತ್ತಿದ್ದುದೇ ಲೇತ್ ಮೆಷಿನ್ನುಗಳ ಸದ್ದಿಗೆ. ಐದು ಶೆಡ್ಡುಗಳಿದ್ದವು, ಅದರಲ್ಲೊಂದು ಅಪ್ಪನದು. ಐದರಲ್ಲೂ ಒಂದೇ ಕೆಲಸ, ಅಲಾರಂ ಗಡಿಯಾರಕ್ಕೆ ಚಾವಿ ಕೊಡುವ ಹಿತ್ತಾಳೆ ಕೀ. ಊರಿನ ಆಚೆ ತುದಿಯ ಗಡಿಯಾರದ ಕಾರ್ಖಾನೆಯೊಂದೇ ಎಲ್ಲರಿಗೂ ಗಿರಾಕಿ. ಅಪ್ಪನ ಅಂಗಿ, ನನ್ನ ಪುಸ್ತಕ, ಅಮ್ಮ ಕಲಸಿದ ಚಿತ್ರಾನ್ನ, ಎಲ್ಲಕ್ಕೂ ಮೆಷಿನ್ ಎಣ್ಣೆಯ ವಾಸನೆ. ಎದುರು ಶೆಡ್ಡಿನ ರಾಜಣ್ಣ ಅಂಕಲ್ ಮಗಳು ಶೋಭಾಳೂ ನಾನೂ ಕೆಟ್ಟುಹೋದ ಕೀಗಳನ್ನೇ ಬಿಲ್ಲೆ ಮಾಡಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದೆವು.

ನನ್ನ ಐದನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅಪ್ಪನಿಗೆ ಆರ್ಡರ್ ಬರುವುದು ನಿಂತಿತು. ಇನ್ನೂ ಮೂರು ಶೆಡ್ಡುಗಳು ಸುಮ್ಮನಾದವು. ರಾಜಣ್ಣ ಅಂಕಲ್ ಲೇತ್ ಮಾತ್ರ ದಿನವಿಡೀ ಓಡುತ್ತಿತ್ತು. ಅಪ್ಪ ಬಾಗಿಲಲ್ಲಿ ಕೂತು ಆ ಸದ್ದನ್ನೇ ಕೇಳುತ್ತಿದ್ದರು. ನಮ್ಮ ಆರ್ಡರನ್ನೆಲ್ಲ ಅವನೇ ಬಾಚಿಕೊಂಡಿದ್ದಾನೆ ಎಂದು ಅಮ್ಮನಿಗೆ ಹೇಳಿದರು. ಅವರ ಮನೆಗೆ ಯಾರು ಬಂದರು, ಚೀಲದಲ್ಲಿ ಏನಿತ್ತು ಎಂದು ನನ್ನನ್ನು ವಿಚಾರಿಸುತ್ತಿದ್ದರು. ಶೋಭಾಳ ಜೊತೆ ಆಟ ಬೇಡ ಎಂದಿದ್ದವರೇ ಒಂದು ಮಧ್ಯಾಹ್ನ, "ಹೋಗಿ ನೋಡ್ಕೊಂಡು ಬಾ, ಏನ್ ಮಾಡ್ತಿದಾನೆ ಅಂತ" ಎಂದರು.

ಹೋದೆ. ಶೋಭಾಳ ತಾಯಿ ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು ಕೈಗಿತ್ತರು. ಅದನ್ನು ಚೀಪುತ್ತಲೇ ಶೆಡ್ಡಿನೊಳಗೆ ಇಣುಕಿದೆ. ಲೇತ್ ಗಿರ್ರನೆ ತಿರುಗುತ್ತಿತ್ತು. ಅದರ ಬಾಯಲ್ಲಿ ಏನೂ ಇರಲಿಲ್ಲ. ನೆಲದ ಮೇಲೆ ಹಿತ್ತಾಳೆಯ ಒಂದು ಚೂರಿಲ್ಲ. ರಾಜಣ್ಣ ಅಂಕಲ್ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು.

ಶೋಭಾ ನನ್ನನ್ನು ಈಚೆ ಎಳೆದಳು. "ಯಾರ್ಗೂ ಹೇಳ್ಬೇಡ ಕಣೆ. ಸದ್ದು ನಿಂತ್ರೆ ಇನ್ಯಾರೂ ಕೆಲ್ಸ ಕೊಡಲ್ಲ ಅಂತಾರೆ ಅಪ್ಪ."

ನಾನು ಹೇಳಿಬಿಟ್ಟೆ. ಅಪ್ಪ ನನ್ನ ಮುಖವನ್ನೇ ನೋಡುತ್ತ, "ಹಾಗ್ ಹೇಳು ಅಂತ ಅವರೇ ಹೇಳ್ಕೊಟ್ರಾ?" ಎಂದರು. ನನಗೆ ಅಳು ಬಂತು.

ವಾರದ ನಂತರ ಅಪ್ಪನೇ ಕಾರ್ಖಾನೆಗೆ ಹೋಗಿ ವಿಚಾರಿಸಿ ಬಂದರು. ಗಡಿಯಾರಗಳೆಲ್ಲ ಸೆಲ್ ಮೇಲೆ ಓಡತೊಡಗಿದ್ದವು. ಕೀ ಈಗ ಯಾರಿಂದಲೂ ಕೊಳ್ಳುತ್ತಿರಲಿಲ್ಲವಂತೆ. ಅಂದು ಸಂಜೆ ನನ್ನನ್ನೂ ಕರೆದುಕೊಂಡು ಎದುರು ಶೆಡ್ಡಿಗೆ ಹೋದರು. ನಿಮಗೂ ಕೆಲಸವಿಲ್ಲವೆಂದು ಗೊತ್ತಾಯಿತು, ಗಾರ್ಮೆಂಟ್ಸಿನವರಿಗೆ ಹೊಲಿಗೆ ಮೆಷಿನ್ನಿನ ಬಿಡಿಭಾಗ ಬೇಕಂತೆ, ಜೊತೆಗೆ ಮಾಡೋಣ ಎಂದರು. ರಾಜಣ್ಣ ಅಂಕಲ್ ನನ್ನತ್ತ ನೋಡಿ ಲೇತ್ ಆಫ್ ಮಾಡಿದರು.

"ಮಗೂನ ಕಳಿಸಿ ನೋಡಿಸಿದ್ರಲ್ಲ. ನೀವೇ ಬಂದು ಕೇಳ್ಬಾರ್ದಿತ್ತಾ?"

ತಿಂಗಳೊಳಗೆ ಅವರು ಲೇತ್ ಮಾರಿ ಹೊಸೂರಿಗೆ ಹೊರಟುಹೋದರು. ಹೊರಡುವವರೆಗೂ ಶೋಭಾ ನನ್ನ ಜೊತೆ ಮಾತಾಡಲಿಲ್ಲ.

ಅಪ್ಪ ಹೊಲಿಗೆ ಮೆಷಿನ್ನಿನ ಭಾಗ ಮಾಡಿದರು, ಆಮೇಲೆ ನೀರಿನ ಪಂಪಿನದು, ಆಸ್ಪತ್ರೆ ಮಂಚದ ಚಕ್ರದ್ದು. ಮತ್ತೆಂದೂ ಒಂದೇ ಗಿರಾಕಿಯನ್ನು ನೆಚ್ಚಲಿಲ್ಲ. ನಾವು ಬದುಕಿಕೊಂಡೆವು. ಈಗ ಅವರಿಗೆ ಎಂಬತ್ತರ ಹತ್ತಿರ. ರಾಜಣ್ಣ ಅಂಕಲ್‌ನ ಹುಡುಕೋಣವೇ ಎಂದು ಮೊನ್ನೆ ಕೇಳಿದೆ. "ಅವನಿಗೆ ಹೊಸೂರಲ್ಲಿ ಮೊದ್ಲೇ ಆರ್ಡರ್ ಸಿಕ್ಕಿತ್ತು ಅನ್ಸತ್ತೆ, ಅದಕ್ಕೇ ಲೇತ್ ಅಷ್ಟು ಓಡ್ತಿತ್ತು" ಎಂದರು.

ಕಣ್ಣಾರೆ ಕಂಡದ್ದನ್ನು ಹೇಳಿದ ನನ್ನ ಮಾತನ್ನು ಅಪ್ಪ ಇಂದಿಗೂ ನಂಬಿಲ್ಲ. ಆ ಮಾತಿಗೇ ನಾನು ಶೋಭಾಳನ್ನು ಕಳೆದುಕೊಂಡೆ.