ಜೇನುಪೆಟ್ಟಿಗೆಗೆ ಇಟ್ಟ ಹತ್ತಿ

2016ರ ನವೆಂಬರಿನಲ್ಲಿ ನಾನು ಪರದೇಶದ ಕರ್ಕ್‌ಲ್ಯಾಂಡಿಗೆ ಹೋದದ್ದು ತಂಗಿಯ ಬಾಣಂತನಕ್ಕೆ. ನಾನು ತಲುಪುವ ಮೊದಲೇ, ಏಳು ತಿಂಗಳಿಗೆ ಹೆರಿಗೆಯಾಗಿ, ಕೂಸು ಹೋಗಿಬಿಟ್ಟಿತ್ತು. ಕೂಸಿಲ್ಲದಿದ್ದರೂ ಬಾಣಂತಿ ಬಾಣಂತಿಯೇ ಅಲ್ಲವೇ? ತಲೆಗೆ ಬಟ್ಟೆ ಕಟ್ಟಿದೆ, ಕಿವಿಗೆ ಹತ್ತಿ ಇಟ್ಟೆ, ಗದಗಿನಿಂದ ಒಯ್ದ ಅಂಟಿನುಂಡಿ ಕೈಗೆ ಕೊಟ್ಟೆ. ಅವಳು ಬೇಡವೆನ್ನಲಿಲ್ಲ, ತಿನ್ನಲೂ ಇಲ್ಲ.

ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋಗುವುದೊಂದೇ ಅವಳು ತಾನಾಗಿ ಮಾಡುತ್ತಿದ್ದ ಕೆಲಸ. ಬೇಸಿಗೆಯಿಂದ ಸಾಕಿದ್ದ ಜೇನುಪೆಟ್ಟಿಗೆಯೊಂದು ಅಲ್ಲಿತ್ತು. ಒಂದು ಕಿವಿಯ ಹತ್ತಿ ತೆಗೆದು, ಆ ಕಿವಿಯನ್ನು ಪೆಟ್ಟಿಗೆಗೆ ಆನಿಸುವಳು.

"ಅಕ್ಕಾ, ಇಲ್ಲೆ ಕೇಳು. ಗುಂಯ್ ಅಂತಾವ. ಅದಾವ ಇನ್ನ."

"ಮೊದಲು ಒಳಗ ಬಾರವ್ವಾ. ಥಂಡಿ ಹೊಕ್ಕರ ಜೀವನಪೂರ್ತಿ ತಲಿನೋವು."

"ಹಂಗಾರ ಇವಕ್ಕೂ ಒಂದು ಕುಂಚಿಗಿ ಹೊಲಿ," ಎಂದು ನಕ್ಕಳು. ನಾನು ಹೋದ ಮೇಲೆ ಕಂಡ ಮೊದಲ ನಗು. ಕುಂಚಿಗೆ ಕೂಸಿನ ತಲೆಗೆ ಕಟ್ಟುವುದು. ಅದು ನೆನಪಾಗಿ ಅವಳು ಹತ್ತಿಯನ್ನು ಮತ್ತೆ ಕಿವಿಗಿಟ್ಟುಕೊಂಡು ಒಳಗೆ ಬಂದಳು.

ಆಮೇಲೆ ಚಳಿ ಬಲವಾಯಿತು, ಜೊತೆಗೆ ಬಿಡದ ಜಿಟಿಜಿಟಿ. ಒಂದು ಮುಂಜಾನೆ ಪೆಟ್ಟಿಗೆಯ ಹಿಂಬದಿ, ಮುಚ್ಚಳದ ಕೆಳಗಿನ ಬೆರಳುಗಾತ್ರದ ತೂತಿನಿಂದ ಹಬೆ ಬರುವುದು ಕಂಡೆ. ಒಳಗಿನ ಬಿಸಿಯೆಲ್ಲ ಸೋರಿಹೋಗುತ್ತಿದೆ ಅನ್ನಿಸಿತು. ತಂಗಿಯ ಕಿವಿಗೆಂದು ತಂದಿದ್ದ ಹತ್ತಿಯನ್ನೇ ಉಂಡೆ ಮಾಡಿ ತುರುಕಿದೆ. ಅವಳನ್ನು ಕೇಳಲಿಲ್ಲ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಬೆಚ್ಚಗೆ ಇಡುವುದೊಂದು ಮಾತ್ರ ಅವಳಿಗಿಂತ ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ.

ಜನವರಿಯ ಒಂದು ಬೆಳಿಗ್ಗೆ ಅವಳು ಬಹಳ ಹೊತ್ತು ಕಿವಿ ಇಟ್ಟಳು. ಈ ಬದಿ, ಆ ಬದಿ. ಮುಚ್ಚಳ ಎಬ್ಬಿಸುವ ಕಬ್ಬಿಣ ತರಲು ಒಳಗೆ ಹೋದಳು. ಅವಳು ಬರುವುದರೊಳಗೆ ಹತ್ತಿ ಕಿತ್ತೆ. ಹಿಂಡಿದರೆ ನೀರಿಳಿಯುವಷ್ಟು ತೊಯ್ದಿತ್ತು. ಸ್ವೆಟರಿನ ಕಿಸೆಗೆ ಹಾಕಿಕೊಂಡೆ.

ಮುಚ್ಚಳದ ಒಳಮೈಗೆಲ್ಲ ನೀರಹನಿ. ಕೆಳಗೆ ಹುಳುಗಳು ಒಂದನ್ನೊಂದು ಅಪ್ಪಿಕೊಂಡೇ, ಒದ್ದೆಯಾಗಿ ಸತ್ತಿದ್ದವು. ಪಕ್ಕದಲ್ಲೇ ಜೇನುತುಪ್ಪ ತುಂಬಿಕೊಂಡು ಹಾಗೇ ಇತ್ತು.

"ಬರೇ ಥಂಡಿಗೆ ಸಾಯೂದಿಲ್ಲಕ್ಕಾ ಇವು," ಎಂದಳು ತಂಗಿ. "ಮೈ ನಡುಗಿಸಿ ತಾವೇ ಬಿಸಿ ಮಾಡ್ಕೋತಾವ. ಆ ಹಬಿ ಹೊರಗ ಹೋಗಬೇಕು. ಹೋಗಲಿಲ್ಲಂದ್ರ ನೀರಾಗಿ ಮೈಮ್ಯಾಲೆ ಬೀಳತೈತಿ. ತೊಯ್ದರ ಮುಗೀತು." ಹಿಂದೆ ಹೋಗಿ ತೂತಿಗೆ ಬೆರಳಿಟ್ಟು ನೋಡಿದಳು. "ಇದು ತಗದೇ ಐತಿ. ಹಂಗಾರ ನಾನೇ ಏನೋ ತಪ್ಪೀನಿ." ಮುಚ್ಚಳ ಮತ್ತೆ ಹಾಕಿ, ಅಳದೆ, "ನನ್ನ ಕೈಯಾಗ ಯಾವುದೂ ಉಳಿಯೂದಿಲ್ಲ ನೋಡಕ್ಕಾ," ಎಂದಳು.

ಆಗ ಕಿಸೆಯೊಳಗಿನ ಕೈ ಹೊರಗೆ ತೆಗೆದಿದ್ದರೆ ಸಾಕಿತ್ತು. ಅವಳು ನನ್ನನ್ನು ಬಯ್ಯುತ್ತಿರಲಿಲ್ಲ, ಅದೂ ಗೊತ್ತಿತ್ತು. "ಒಳಗ ನಡಿ, ಕಾಲು ತಣ್ಣಗಾಗ್ತಾವ," ಎಂದೆ.

ನಾನು ಊರಿಗೆ ಮರಳಿದ ಮೇಲೆ, ಏಪ್ರಿಲಿನಲ್ಲಿ ಫೋನ್ ಮಾಡಿದಳು. ಪಕ್ಕದ ಮನೆಯ ಮುದುಕ ಹೊಸ ಹುಳು ಕೊಡುತ್ತೇನೆಂದು ಬಂದಿದ್ದನಂತೆ.

"ನನಗ ಬ್ಯಾಡ ಅಂದೆ. ಅವಾದ್ರೂ ಬದುಕಲಿ."

ನಾನು, "ಊಟ ಆತೇನು?" ಎಂದು ಕೇಳಿದೆ.