ಬಾವನ ತಂತಿ

ಬೆಳಿಗ್ಗೆ ಮುಖ ತೊಳೆದ ಕೂಡಲೇ ಬಾಯಿ ಟೀಚರ್ ಕನ್ನಡಿಯ ಮುಂದೆ ನಿಂತು ಅ ಆ ಇ ಈ ಹೇಳಿಕೊಳ್ಳುತ್ತಾಳೆ. ಮೆಲ್ಲಗಲ್ಲ, ಬಾಯಿ ಪೂರ್ತಿ ತೆರೆದು, ತುಟಿ ಚಾಚಿ, ನಾಲಿಗೆ ಎಲ್ಲಿ ತಾಗುತ್ತಿದೆ ಎಂದು ನೋಡಿಕೊಳ್ಳುತ್ತ. ಜ್ವರ ಬಂದ ದಿನವೂ ಬಿಟ್ಟವಳಲ್ಲ. ಅಕ್ಷರ ಮುಗಿದ ಮೇಲೆ ಅಲ್ಲೇ ಕಣ್ಣು ಮುಚ್ಚಿ ಮನೆಯವರು, ನೆಂಟರು, ಪಾಠಕ್ಕೆ ಬರುವವರು, ಒಬ್ಬೊಬ್ಬರ ಹೆಸರೂ ಹೇಳಿ ದೇವರಿಗೆ ಒಪ್ಪಿಸುತ್ತಾಳೆ. ಬಾವನ ಹೆಸರನ್ನೂ ಬಿಡುವುದಿಲ್ಲ. ಕಳೆದ ವರ್ಷ ಕೆಲವು ತಿಂಗಳು ಆ ಹೆಸರು ಹೇಳಿ ಏನು ಕೇಳಿಕೊಂಡಳು ಎನ್ನುವುದು ಮಾತ್ರ ಅವಳಿಗೂ ದೇವರಿಗೂ ಬಿಟ್ಟದ್ದು.

ಅವಳ ಕೆಲಸ ಮಾತು ಕಲಿಸುವುದು. ತೊದಲುವ ಮಕ್ಕಳು, ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡ ದೊಡ್ಡವರು, ಎಲ್ಲರೂ ಅವರವರ ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಅವಳ ಮುಂದೆ ಬರುತ್ತಾರೆ. ಪರದೆಗೆ ಅಷ್ಟು ಹತ್ತಿರ ಬಗ್ಗಿ ತುಟಿ ತೋರಿಸುತ್ತಾಳೆಂದು ಒಂದು ಮಗು ಅವಳಿಗೆ ಬಾಯಿ ಟೀಚರ್ ಎಂದು ಹೆಸರಿಟ್ಟಿತು. ಅದೇ ನಿಂತಿತು. ಮಲಗುವ ಕೋಣೆಯ ಮೂಲೆಯಲ್ಲಿ ಒಂದು ಮೇಜು, ದನಿ ಗುಂಯ್ಗುಡದಿರಲೆಂದು ಗೋಡೆಗೆ ತೂಗುಹಾಕಿದ ದಪ್ಪ ಕಂಬಳಿ, ಫ್ರಿಜ್ಜಿನ ತಲೆಯ ಮೇಲೆ ಇಂಟರ್ನೆಟ್ಟಿನ ಪೆಟ್ಟಿಗೆ. ಅದರ ಹಸಿರು ದೀಪ ಉರಿಯುತ್ತಿದ್ದರೆ ಅವಳ ಅನ್ನ ಬೇಯುತ್ತಿದೆ ಎಂದರ್ಥ.

ಆ ಪೆಟ್ಟಿಗೆ ಬಾವನದು. ಅಕ್ಕನ ಗಂಡನಿಗೆ ಕೇಬಲ್ ವ್ಯಾಪಾರ. ಸುತ್ತಲಿನ ಮಾಳಿಗೆಗಳ ಮೇಲೆಲ್ಲ ಅವನ ಕಪ್ಪು ತಂತಿ ಬಳ್ಳಿಯಂತೆ ಹಬ್ಬಿತ್ತು. ನಾದಿನಿಯ ಮನೆಗೆ ಮಾತ್ರ ಪುಕ್ಕಟೆ.

"ಮನೆಯವರ ಹತ್ರ ದುಡ್ಡು ತಗೊಳ್ಳೋಕೆ ನಾನೇನು ಕಂಪನಿನಾ?" ಎಂದು ನಾಲ್ಕು ಜನ ಕೂತಿರುವಾಗ ತಪ್ಪದೆ ಹೇಳುತ್ತಿದ್ದ. ಅವಳ ಅಮ್ಮ ತಲೆಯಾಡಿಸುತ್ತಿದ್ದಳು.

ಸಂಜೆಯಾದರೆ ಆ ಲೈನು ಕುಂಟುತ್ತಿತ್ತು. ಪರದೆಯ ಮೇಲೆ ತುಟಿ ಒಂದು ಕಡೆ, ದನಿ ಇನ್ನೊಂದು ಕಡೆ. ತುಟಿ ನೋಡಿ ಕಲಿಯುವವರಿಗೆ ಅದಕ್ಕಿಂತ ಕೇಡಿಲ್ಲ. ಹಾಗಾಗಿ ಒಂದು ಭಾನುವಾರ ಎಲ್ಲರೂ ಊಟಕ್ಕೆ ಸೇರಿದಾಗ ಮುಂಚಿತವಾಗಿ ತಿಳಿಸುವುದು ಮರ್ಯಾದೆ ಎಂದುಕೊಂಡು ಹೇಳಿದಳು.

"ಬಾವ, ಬೇಜಾರು ಮಾಡ್ಕೋಬೇಡಿ. ಬೇರೆ ಕಂಪನಿದು ಹಾಕಿಸ್ಕೊಳ್ಳೋಣ ಅಂತಿದ್ದೀನಿ."

"ಹಾಕಿಸ್ಕೊಮ್ಮ, ಯಾರು ಬೇಡ ಅಂದ್ರು?" ಎಂದು ನಗುತ್ತ ಇನ್ನಷ್ಟು ಸಾರು ಬಡಿಸಿಕೊಂಡ.

ಮರುದಿನ ಬೆಳಿಗ್ಗೆ ಪಾಠಕ್ಕೆ ಕೂತವರು ಒಬ್ಬ ನಿವೃತ್ತ ಬಸ್ ಕಂಡಕ್ಟರು. ಪಾರ್ಶ್ವವಾಯು ಬಡಿದ ಮೇಲೆ ಅವರ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಇಡೀ ಜೀವಮಾನ ಕೂಗಿದ ಮಾತು ನಾಲಿಗೆಯ ಬುಡದಲ್ಲಿ ಎಲ್ಲೋ ಉಳಿದಿರುತ್ತದೆ ಎನ್ನುವುದು ಟೀಚರ ನಂಬಿಕೆ. ತಿಂಗಳುಗಟ್ಟಲೆ ಅದನ್ನೇ ಹಿಡಿದು ಎಳೆಯುತ್ತಿದ್ದಳು. ಅಂದು ಅವರ ಕುತ್ತಿಗೆಯ ನರ ಉಬ್ಬಿತು, ನಾಲಿಗೆ ಮೇಲಕ್ಕೆ ಹೋಯಿತು, "ರೈ" ಎಂದರು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಫ್ರಿಜ್ಜಿನ ಮೇಲೆ ಕೆಂಪು ದೀಪ.

ಬಾವ ಫೋನಿನಲ್ಲಿ ತಣ್ಣಗೆ ಹೇಳಿದ. "ಬಿಡ್ತೀನಿ ಅಂದೆಯಲ್ಲ, ಬಿಡಿಸಿದೆ. ಕಂಪನಿಯವರು ಬರ್ತಾರೆ, ಕಾಯಿ."

ಕಂಪನಿಯವರು ಇವತ್ತು ನಾಳೆ ಎಂದು ದಿನ ತಳ್ಳಿದರು. ಕೊನೆಗೆ ಅವಳು ಬಾವನ ಅಂಗಡಿಗೆ ಹೋದಳು. ಅವನು ಅವಳನ್ನು ಮುರುಕು ಸ್ಟೂಲಿನ ಮೇಲೆ ಕೂರಿಸಿ, ಬಂದ ಗಿರಾಕಿಗಳನ್ನೆಲ್ಲ ಕಳಿಸಿ, ಚಹಾ ಕುಡಿದು ಮುಗಿಸಿ ಆಮೇಲೆ ಬಾಯಿಬಿಟ್ಟ. "ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ ನೋಡು." ಕ್ಯಾಶ್ ಕೌಂಟರಿನಲ್ಲಿ ಕೂತಿದ್ದ ಅಕ್ಕ ತಲೆ ಎತ್ತಲಿಲ್ಲ. ಟೀಚರ್ ತಪ್ಪಾಯಿತು ಎಂದಳು. ಆ ಸಂಜೆ ಲೈನು ಬಂತು.

ಕಂಡಕ್ಟರು ಮಾತ್ರ ಬರಲಿಲ್ಲ. ತನ್ನ ಸೊಟ್ಟ ಬಾಯಿ ನೋಡಲಾರದೆ ಟೀಚರ್ ಪರದೆ ಮುಚ್ಚಿಬಿಟ್ಟಳೆಂದು ಅವರಿಗೆ ಅನಿಸಿತ್ತು. ಬಾಯಿಗೆ ಟವೆಲ್ ಅಡ್ಡ ಹಿಡಿದು ಕೂರುತ್ತಿದ್ದರಂತೆ. ಅವರ ಹೆಂಡತಿ ಎಷ್ಟೋ ದಿನ ಪುಸಲಾಯಿಸಿ ಮತ್ತೆ ಕರೆತಂದರು. ಕರೆತಂದು ಒಂದು ಮಾತು ಹೇಳಿದರು. "ಇನ್ನೊಂದು ಸಲ ಹಾಗಾದ್ರೆ ಇವರು ಮತ್ತೆ ಕೂರಲ್ಲ ಟೀಚರ್. ನಂಗೂ ಕೂರಿಸೋ ಶಕ್ತಿ ಇಲ್ಲ."

ಆ ಟವೆಲ್ಲನ್ನು ಅವಳು ಬಾವನಿಗೆ ಕ್ಷಮಿಸಲಿಲ್ಲ. ಸ್ಟೂಲನ್ನಾದರೂ ಕ್ಷಮಿಸುತ್ತಿದ್ದಳೇನೋ.

ಈ ಸಲ ಯಾರಿಗೂ ಹೇಳಲಿಲ್ಲ. ಹೊಸ ಕಂಪನಿಯಲ್ಲಿ ಲೈನ್ ಎಳೆಯುವ ಹೆಂಗಸೊಬ್ಬಳಿದ್ದಳು, ಗಟ್ಟಿಗಿತ್ತಿ. ಮೆಟ್ಟಿಲ ಬಳಿ ಬಾವನ ತಂತಿಗಳು ಕೂಡುವ ಕಬ್ಬಿಣದ ಡಬ್ಬಿಯಿತ್ತು, ಅಲ್ಲಿ ಹಾದರೆ ಸುದ್ದಿ ಹೋಗುತ್ತದೆ. ಅದಕ್ಕೆ ಅವಳು ಕಟ್ಟಡದ ಹಿಂದಿನಿಂದ, ಬಚ್ಚಲ ಕೊಳವೆಗಳ ಪಕ್ಕದಲ್ಲಿ ಏಣಿ ಹಾಕಿ, ದಾರದಷ್ಟು ಸಣ್ಣ ತಂತಿಯನ್ನು ಬಚ್ಚಲ ಕಿಟಕಿಯಿಂದ ಒಳಗೆ ತಂದಳು. ಹೊಸ ಪೆಟ್ಟಿಗೆ ಬೀರುವಿನೊಳಗೆ ಕೂತಿತು. ಹಳೆಯದು ಫ್ರಿಜ್ಜಿನ ಮೇಲೆ ತನ್ನ ಪಾಡಿಗೆ ಹಸಿರಾಗಿ ಉರಿಯುತ್ತಿತ್ತು.

"ಹೊಸದಕ್ಕೂ ಹಳೇದರ ಹೆಸರು, ಹಳೇದರ ಪಾಸ್‌ವರ್ಡೇ ಇಡ್ಲಾ?" ಎಂದಳು ಲೈನಿನವಳು. "ಆಗ ನಿಮ್ಮ ಫೋನಿಗೂ ಲ್ಯಾಪ್‌ಟಾಪಿಗೂ ಬದಲಾಗಿದ್ದೇ ಗೊತ್ತಾಗಲ್ಲ. ಹಳೇ ಪೆಟ್ಟಿಗೆ ವೈಫೈ ಆರಿಸಿಬಿಡ್ತೀನಿ, ಲೈನು ಮಾತ್ರ ಇರಲಿ. ಹೊಸದು ಚೆನ್ನಾಗಿ ಓಡೋವರೆಗೆ ಬಿಟ್ಟೆ ಅಂತ ಯಾರ ಹತ್ರಾನೂ ಬಾಯಿ ಬಿಡಬೇಡಿ."

"ಬಾಯಿ ಬಿಡಿಸೋದೇ ನನ್ನ ಕೆಲಸ," ಎಂದಳು ಟೀಚರ್. "ಮುಚ್ಕೊಳ್ಳೋದನ್ನ ಈಗ ಕಲೀತಿದ್ದೀನಿ."

ಸಂಜೆಯ ಪಾಠಗಳು ನೀರು ಹರಿದಂತೆ ಸಾಗಿದವು. ಅವಳು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮೇಲಿನ ಮನೆಯ ದರ್ಜಿಯ ಜೊತೆ ಬಟ್ಟೆ ಒಣಗಿಸುವಾಗ ಮಾತು ತೆಗೆದಳು. ಬಾವನ ಲೈನು ಕುಂಟುತ್ತದೆಂದು ದರ್ಜಿಗೂ ಸಿಟ್ಟು, ಬಿಡುತ್ತೇನೆಂದರೆ ಕತ್ತರಿಸುತ್ತಾನೆಂದು ಭಯ. ಕೆಳಗಿನ ಮನೆಯವರಿಗೂ ಅದೇ ಕಥೆ. ಟೀಚರ್ ಎಲ್ಲರಿಗೂ ಒಂದೇ ಮಾತು ಹೇಳಿದಳು, ಮೊದಲು ಹೊಸದು ಹತ್ತಲಿ, ಆಮೇಲೆ ಹಳೆಯದು ಆರಲಿ. ಒಂದೊಂದೇ ಬಚ್ಚಲ ಕಿಟಕಿಗೆ ದಾರ ಇಳಿಯಿತು. ಬಾವ ತಿಂಗಳಿಗೊಮ್ಮೆ ಮೆಟ್ಟಿಲು ಹತ್ತಿ ಬಂದು ತನ್ನ ಹಸಿರು ದೀಪಗಳನ್ನು ನೋಡಿ ಮೀಸೆ ತೀಡಿಕೊಂಡು ಹೋಗುತ್ತಿದ್ದ.

ಅಮ್ಮನಿಗೆ ವಾಸನೆ ಬಡಿಯಿತು. "ಅಳಿಯಂದ್ರು ಕಣೇ ಅವರು. ನಾಳೆ ಮುಖ ಹೇಗೆ ತೋರಿಸ್ತೀಯ?"

"ನನ್ನ ಮುಖ ಕಪ್ಪು ಮಾಡಿದ್ದು ಅವರೇ ಅಲ್ವಾ, ಅವರನ್ನೇ ಕೇಳು."

"ದೇವರು ಮೆಚ್ಚಲ್ಲ."

ಕನ್ನಡಿಯ ಮುಂದೆ ಕಣ್ಣು ಮುಚ್ಚಿದಾಗ ಆ ಮಾತು ನೆನಪಾಗುತ್ತಿತ್ತು, ಅದರ ಹಿಂದೆಯೇ ಟವೆಲ್ ನೆನಪಾಗುತ್ತಿತ್ತು.

ಕಟ್ಟಡದ ಕೊನೆಯ ಮನೆಯೂ ಹೊಸ ಲೈನಿಗೆ ಬಂದ ಮೇಲೆ ಒಂದು ಭಾನುವಾರ ಮತ್ತೆ ಎಲ್ಲರೂ ಊಟಕ್ಕೆ ಸೇರಿದರು. ಅವಳು ತಾನೇ ಬಾವನಿಗೆ ಬಡಿಸುತ್ತ ಹಿಂದೆ ಹೇಳಿದ ಮಾತನ್ನೇ ಹೇಳಿದಳು.

"ಬಾವ, ಬೇಜಾರು ಮಾಡ್ಕೋಬೇಡಿ. ಬೇರೆ ಕಂಪನಿದು ಹಾಕಿಸ್ಕೊಳ್ಳೋಣ ಅಂತಿದ್ದೀನಿ. ಕಟ್ಟಡದವರೆಲ್ಲ ಹಾಗೇ ಅಂತಿದ್ದಾರೆ."

ಬಾವ ಈ ಸಲ ನಗಲಿಲ್ಲ. "ಎಲ್ಲರೂ?" ಎಂದ.

"ಎಲ್ಲರೂ."

ಮರುದಿನ ಬೆಳಿಗ್ಗೆ ಕಂಡಕ್ಟರು ಪರದೆಯ ಮೇಲೆ ಕೂತಿದ್ದರು. ಟವೆಲ್ ಹೆಗಲ ಮೇಲಿತ್ತು. ಪಾಠ ಅರ್ಧವಾಗಿರಬೇಕು, ತೆರೆದ ಬಾಗಿಲಿನಾಚೆ ಫ್ರಿಜ್ಜಿನ ಮೇಲೆ ಹಸಿರು ಕೆಂಪಾಯಿತು. ಇಡೀ ಕಟ್ಟಡದ ಲೈನು ಕತ್ತರಿಸಿದ್ದ ಬಾವ. ಅವನನ್ನು ಕೆಣಕುವ ಚಟಕ್ಕೆ ಈ ಮುದುಕರನ್ನೇ ಪಣಕ್ಕಿಟ್ಟೆನೇ ಎಂದು ಅವಳಿಗೆ ಆಗ ಹೊಳೆಯಿತು. ಪರದೆ ನೋಡಿದಳು. ಕಂಡಕ್ಟರು ಅಲ್ಲೇ ಇದ್ದರು, ಚಿತ್ರ ಒಂದಿಷ್ಟೂ ಕುಂಟದೆ. ಅವರಿಗೇನೂ ತಿಳಿದಿರಲಿಲ್ಲ. ಅವಳು ಬಗ್ಗಿ ತುಟಿ ತೋರಿಸಿದಳು. ಅವರ ನಾಲಿಗೆ ಮೇಲಕ್ಕೆ ಹೋಯಿತು.

"ರೈಟ್," ಎಂದರು ಕಂಡಕ್ಟರು. ಒರಟಾಗಿ, ಸೊಟ್ಟಗೆ, ಆದರೆ ಪೂರ್ತಿಯಾಗಿ.

ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ಕಂಡಕ್ಟರು ಮತ್ತೊಮ್ಮೆ "ರೈಟ್" ಎಂದರು, ಬಸ್ಸು ಬಿಡಿಸುವವರ ಹಾಗೆ.

ಪಾಠ ಮುಗಿಸಿ ಟೀಚರ್ ಬಟ್ಟೆಯ ಬುಟ್ಟಿ ಹಿಡಿದು ಮನೆಮನೆ ಹತ್ತಿಳಿದಳು. ಆರಿಹೋದ ಪೆಟ್ಟಿಗೆಗಳನ್ನೂ, ಲೈನು ಬೇಡವೆಂದು ಪ್ರತಿ ಮನೆಯವರು ಸಹಿ ಹಾಕಿದ ಚೀಟಿಗಳನ್ನೂ ತುಂಬಿಕೊಂಡು ಅಂಗಡಿಗೆ ನಡೆದಳು. ಬಾವ ಫೋನಿನ ಮುಂದೆ ಕೂತಿದ್ದ.

"ಬೆಳಿಗ್ಗೆಯಿಂದ ಹೀಗೇ ಕೂತಿದ್ದಾರೆ," ಎಂದಳು ಅಕ್ಕ. "ಒಬ್ಬರೂ ಫೋನ್ ಮಾಡಿಲ್ಲ."

"ಯಾಕೆ ಮಾಡ್ತಾರೆ ಅಕ್ಕ? ಎಲ್ಲರಿಗೂ ನೆಟ್ ಬರ್ತಿದೆ." ಬುಟ್ಟಿಯನ್ನು ಕೌಂಟರಿನ ಮೇಲೆ ಇಟ್ಟಳು. "ಎಲ್ಲ ವಾಪಸ್ ತಂದಿದ್ದೀನಿ. ಒಂದೊಂದಕ್ಕೂ ಬೇರೆ ರಸೀದಿ ಕೊಡು. ಆತುರವಿಲ್ಲ, ಕೂತಿರ್ತೀನಿ."

ಮುರುಕು ಸ್ಟೂಲನ್ನು ತಾನೇ ಎಳೆದುಕೊಂಡು ಕೂತಳು. ಗಿರಾಕಿಗಳು ಬಂದರು, ಬುಟ್ಟಿ ನೋಡಿದರು, ಬಾವನ ಮುಖ ನೋಡಿದರು. ಅಕ್ಕ ತಲೆ ಬಗ್ಗಿಸಿ ಬರೆಯುತ್ತ ಹೋದಳು. ಮೊದಲ ರಸೀದಿಯನ್ನು ಎರಡು ಸಲ ಹೊಡೆದುಹಾಕಿ ಬರೆದಳು. ಆಮೇಲಾಮೇಲೆ ಅಕ್ಷರ ದುಂಡಗಾದವು.

"ಇನ್ನೂ ಇದೆಯಾ?" ಎಂದು ಕೇಳಿದಾಗ ಅವಳ ದನಿಯಲ್ಲಿ ಬೇಸರವಿರಲಿಲ್ಲ.

ಕೊನೆಯ ಪೆಟ್ಟಿಗೆ ಟೀಚರದೇ. ಬಾವ ಅದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದ. ದನಿ ತಗ್ಗಿತ್ತು.

"ಹೊಸ ಕಂಪನಿ ನಾಳೆ ಕೈಕೊಟ್ಟರೆ ನಿನ್ನ ಪಾಠದ ಗತಿ ಏನು? ಇದೊಂದು ನಿನ್ನ ಹತ್ರಾನೇ ಇರಲಿ. ಲೈನು ಹಾಗೇ ಬಿಟ್ಟಿರ್ತೀನಿ, ಪುಕ್ಕಟೆ. ನಾವೇನು ಹೊರಗಿನವರಾ?"

ಅವಳಿಗೆ ಒಂದು ಕ್ಷಣ ಕಂಡಕ್ಟರ ಮುಖ ನೆನಪಾಯಿತು. ಇನ್ನೊಂದು ಲೈನು ಇದ್ದರೆ ಒಳ್ಳೆಯದೇ ಎಂದು ಅವಳಿಗೂ ಗೊತ್ತಿತ್ತು. ರಸೀದಿಗಳನ್ನು ಮಡಿಸಿ ಖಾಲಿ ಬುಟ್ಟಿಗೆ ಹಾಕಿಕೊಂಡು ಎದ್ದಳು.

"ಬೇಡ ಬಾವ," ಎಂದಳು. "ಆ ತಂತೀನ ಬಿಚ್ಚಿ ಬಾಲ್ಕನಿಯಲ್ಲಿ ಎರಡು ಮೊಳೆಗೆ ಬಿಗಿದಿದ್ದೀನಿ. ಅಮ್ಮ ಆಗಲೇ ಬಟ್ಟೆ ಹರವಿಯೂ ಆಯ್ತು."