ಹೂ ಬಿಡುವವರೆಗೆ ಉಳಬಾರದು

ಎಡವಟ್ಟು ಶುರುವಾದದ್ದು ಬೆಳಿಗ್ಗೆ ಏಳೂ ಹತ್ತಕ್ಕೆ. ಕುಮಟೆ ಹತ್ತಿರದ ಬಾಡ ಎಂಬ ಊರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ನಾನು ಪೇಪರಿನ ತಲೆಬರಹವನ್ನು ಗಟ್ಟಿಯಾಗಿ ಓದಿದೆ: ‘ಸೆಣಬು ಬೆಳೆಗೆ ಪರವಾನಗಿ: ಮಸೂದೆ ಸಿದ್ಧ’.

ಚಹಾ ಕುಡಿಯುತ್ತಿದ್ದ ದೊಡ್ಡಪ್ಪ ಲೋಟ ಕೆಳಗಿಟ್ಟ. ಪ್ರತಿ ವರ್ಷ ಮೊದಲ ಮಳೆಗೆ ಅವನು ಗದ್ದೆಗೆ ಸೆಣಬು ಎರಚುತ್ತಾನೆ. ಗಿಡ ಎಳೆಯದಾಗಿರುವಾಗಲೇ ಉತ್ತು ಕೆಸರಿಗೆ ಸೇರಿಸಿ, ಅದೇ ಗೊಬ್ಬರದ ಮೇಲೆ ಭತ್ತ ನಾಟಿ ಮಾಡುತ್ತಾನೆ.

“ಎಂತದೇ ತಂಗಿ, ಗೊಬ್ಬರಕ್ಕೂ ಲೈಸೆನ್ಸಾ?”

“ಹಾಗೇ ಬರೆದಿದ್ದಾರೆ ದೊಡ್ಡಪ್ಪ.”

“ಹಾಂಗಾರೆ ಕಾಯ್ದೆ ಬರೂಕಿಂತ ಮೊದ್ಲೇ ನಾವೇ ಹೇಳ್ಬಿಡುವಾ. ನೀ ಕಾಲೇಜು ಕಲ್ತವ್ಳು, ಒಂದ್ ಅರ್ಜಿ ಗೀಚು.”

ಗೀಚಿದೆ. ‘ಸದರಿ ಬೆಳೆಯನ್ನು ಮೂವತ್ತು ವರ್ಷಗಳಿಂದ ಬೆಳೆಯುತ್ತಿದ್ದು, ನೆರೆಹೊರೆಯವರಿಗೂ ಬೀಜ ಹಂಚಿರುತ್ತೇನೆ.’ ವಾಕ್ಯ ಚೆನ್ನಾಗಿ ಬಂತೆಂದು ನನಗೇ ಹೆಮ್ಮೆ. ಪೇಪರಿನ ತುಂಡನ್ನೂ ಲಗತ್ತಿಸಿದೆ. ದೊಡ್ಡಪ್ಪ ಸಹಿ ಹಾಕಿ ಕುಮಟೆಯ ಒಂದು ಕಚೇರಿಗೆ ಕೊಟ್ಟು ಬಂದ.

ತಲೆಬರಹದ ಕೆಳಗಿನದನ್ನು ನಾನು ಓದಿರಲಿಲ್ಲ. ಅಲ್ಲಿದ್ದದ್ದು ಗಾಂಜಾದ ಜಾತಿಯ, ಅಮಲು ಕಡಿಮೆ ಇರುವ ಬೇರೊಂದು ಗಿಡದ ವಿಚಾರ. ಅದಕ್ಕೂ ಸೆಣಬು ಎಂದೇ ಬರೆದಿದ್ದರು.

ನಾಲ್ಕನೇ ದಿನ ಜೀಪು ಬಂತು. ಇಳಿದ ಇಬ್ಬರು ಅಬಕಾರಿ ಅಧಿಕಾರಿಗಳಲ್ಲಿ ಹಿರಿಯರು ಎಲೆ ಹರಿದು ಮೂಸಿ, ಕಿರಿಯರಿಗೂ ಮೂಸಲು ಕೊಟ್ಟರು.

“ಗಾಂಜಾ ಅಲ್ಲ ಅನ್ಸ್ತದೆ ಸಾರ್.”

“ಅವ್ರೇ ಒಪ್ಪಿ ಸಹಿ ಮಾಡಿದಾರಲ್ರೀ! ಬೀಜ ಬೇರೆ ಹಂಚಿದಾರೆ.”

“ಇದು ಗೊಬ್ಬರದ ಸೆಣಬು ಸಾಯೇಬ್ರೆ, ಹಳದಿ ಹೂ ಬಿಡ್ತದೆ,” ಎಂದ ದೊಡ್ಡಪ್ಪ.

“ಬಿಡ್ಲಿ, ನೋಡುವಾ. ಅಲ್ಲೀವರೆಗೆ ಉಳಬಾರದು. ಉತ್ರೆ ಸಾಕ್ಷಿ ನಾಶ ಮಾಡ್ದ ಹಾಗೆ. ಹೂ ಹಳದಿ ಆಗ್ದಿದ್ರೆ ಕರ್ಕೊಂಡು ಹೋಗ್ತೇವೆ.”

ಸುತ್ತಲಿನ ಗದ್ದೆಗಳಲ್ಲಿ ನಾಟಿ ಮುಗಿಯಿತು. ನಮ್ಮ ಸಸಿಮಡಿಯಲ್ಲಿ ಭತ್ತದ ಸಸಿ ಬಲಿಯುತ್ತಿತ್ತು. ದೊಡ್ಡಪ್ಪ ದಿನಾ ಕೊಡೆ ಹಿಡಿದು ಮೊಗ್ಗು ಹುಡುಕುತ್ತಿದ್ದ. ಪಕ್ಕದ ಮನೆಯ ಅತ್ತೆ ಬೇಲಿಯಾಚೆಯಿಂದ ಕೇಳುತ್ತಿದ್ದಳು: “ಅಣ್ಣಾ, ನೀ ಕೊಟ್ಟ ಬೀಜ ನಾನೂ ಬಿತ್ತೀನಲಾ. ಜೀಪಿನಾಗೆ ನಂಗೂ ಒಂದ್ ಸೀಟು ಹಿಡೀ!”

ನನಗೆ ನಗು ಬರುತ್ತಿರಲಿಲ್ಲ. ರಾತ್ರಿ ಯಾವ ಗಾಡಿ ಸದ್ದಾದರೂ ಎದ್ದು ಕೂರುತ್ತಿದ್ದೆ. ‘ಹಂಚಿರುತ್ತೇನೆ’ ಎಂಬ ಪದ ಇವತ್ತಿಗೂ ನನ್ನದೇ ಅಕ್ಷರದಲ್ಲಿ ಕಣ್ಣಿಗೆ ಕಟ್ಟುತ್ತದೆ.

ಮೂರನೇ ವಾರ ಹೂ ಬಂತು. ಹಳದಿ. ದೊಡ್ಡಪ್ಪ ಅದಕ್ಕೆ ಕೊಡೆ ಹಿಡಿದು ನಿಂತ, ನಾನು ಫೋನ್ ಮಾಡಿದೆ. ಹಿರಿಯರು ಬಂದು ಹೂ ಮೂಸಿ, ‘ಹೂವಿನ ಬಣ್ಣ ಹಳದಿ’ ಎಂದು ಬರೆದು, ಕೆಳಗೆ ನನ್ನಿಂದ ಸಾಕ್ಷಿ ಸಹಿ ಕೇಳಿದರು. ನಾನು ಆ ಕಾಗದವನ್ನು ಮೂರು ಸಲ ಓದಿದೆ.

“ಆತು, ಹೂಡೂದೇ,” ಎನ್ನುತ್ತ ದೊಡ್ಡಪ್ಪ ಉಳಲು ಗದ್ದೆಗಿಳಿದ. ಸಂಜೆಯೊಳಗೆ ಹೂವೆಲ್ಲ ಕೆಸರಿನಡಿ ಸೇರಿತು. ಆ ರಾತ್ರಿ ಎಷ್ಟು ಗಾಡಿ ಹೋದವೋ, ನನಗೆ ಒಂದೂ ಕೇಳಿಸಲಿಲ್ಲ.